ಮರದ ಸಿಪಾಯಿಗೆ ಜೀವ ಬಂದ ಬಗೆ

1826ರ ಜೂನ್ ತಿಂಗಳ ಒಂದು ರಾತ್ರಿ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾವರ್ತ್ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಲೀಡ್ಸ್ ಪಟ್ಟಣದಿಂದ ಮರಳುವಾಗ ಮಗನಿಗೆಂದು ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದರು. ಬೆಳಗಾದದ್ದೇ ತಡ, ಮಗ ಬ್ರಾನ್‌ವೆಲ್ ಪೆಟ್ಟಿಗೆ ಹಿಡಿದು ಅಕ್ಕತಂಗಿಯರ ಕೋಣೆಗೆ ಓಡಿದ. ಹತ್ತು ವರ್ಷದ ಷಾರ್ಲೆಟ್ ಇದ್ದುದರಲ್ಲಿ ಚೆಂದದ ಸಿಪಾಯಿಯನ್ನು ಎತ್ತಿಕೊಂಡು, ಇವನೇ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಸಾರಿದಳು. ಬ್ರಾನ್‌ವೆಲ್ ಸುಮ್ಮನಿರುತ್ತಾನೆಯೆ? ತನ್ನ ಸಿಪಾಯಿಗೆ ಬೊನಪಾರ್ಟೆ ಎಂದು ಹೆಸರಿಟ್ಟ. ಎಮಿಲಿ, ಆ್ಯನ್ ಕೂಡ ತಮ್ಮ ತಮ್ಮ ಪಾಲಿನವರನ್ನು ಆರಿಸಿಕೊಂಡರು.

ಈ ವೆಲಿಂಗ್ಟನ್ ನಮಗೂ ಗುರುತಿನವನೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದ ಹೊಣೆ ಹೊತ್ತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂ ಗೆದ್ದು ಇಂಗ್ಲೆಂಡಿನ ಕಣ್ಮಣಿಯಾದ. ಮಕ್ಕಳು ಆಟ ಶುರುಮಾಡಿದಾಗ ಆತನಿನ್ನೂ ಬದುಕಿದ್ದ. ಅವನಿಗೆ ಗೊತ್ತಿಲ್ಲದಂತೆಯೇ ಹಾವರ್ತಿನ ಮನೆಯೊಳಗೆ ಅವನು ಆಫ್ರಿಕದ ಕಲ್ಪಿತ ನಗರವೊಂದರ ಒಡೆಯನಾದ. ಅವನ ಮಕ್ಕಳಿಗೂ ಹೊಸ ಸ್ವಭಾವ, ಹೊಸ ಪ್ರಣಯ, ಹೊಸ ಹಗೆ ಹುಟ್ಟಿಕೊಂಡವು. ಬೆಂಕಿಪೊಟ್ಟಣದಷ್ಟು ಅಗಲದ ಪುಸ್ತಕಗಳನ್ನು ಹೊಲಿದು, ಇರುವೆ ಸಾಲಿನಂಥ ಅಕ್ಷರದಲ್ಲಿ ಬ್ರಾಂಟೆ ಮಕ್ಕಳು ಅದನ್ನೆಲ್ಲ ಬರೆದಿಟ್ಟರು. ವರ್ಷಗಳುರುಳಿದಂತೆ ಡ್ಯೂಕ್ ಹಿಂದೆ ಸರಿದು, ಅವನ ಕಲ್ಪಿತ ಮಗ ಝಮೋರ್ನಾ ನಾಯಕನಾದ. ದರ್ಪದವನು, ಚೆಲುವ, ನಂಬಲಾಗದವನು. 1847ರಲ್ಲಿ ಬಂದ ಷಾರ್ಲೆಟ್‌ಳ 'ಜೇನ್ ಏರ್' ಕಾದಂಬರಿಯ ರಾಚೆಸ್ಟರ್‌ನಲ್ಲಿ ವಿಮರ್ಶಕರು ಈ ಝಮೋರ್ನಾನ ನೆರಳನ್ನು ಕಾಣುತ್ತಾರೆ.

ಇಂದು ಇದನ್ನೇ ಯಾರಾದರೂ ಮೊಬೈಲಿನಲ್ಲಿ ಮಾಡಿದರೆ ಅದಕ್ಕೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ. ಕಾದಂಬರಿಯ, ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು ಹೊಸ ಕಥೆ ಕಟ್ಟುವುದು ಒಂದು ಬಗೆ. ಗಾಯಕ, ನಟ, ಆಟಗಾರರಂಥ ನಿಜವ್ಯಕ್ತಿಗಳ ಸುತ್ತ ಕಥೆ ಹೆಣೆಯುವುದು ಇನ್ನೊಂದು. ಹೊರಗಿನವರಿಗೆ ಇದು ಕೆಲಸವಿಲ್ಲದವರ ಹುಚ್ಚಾಗಿ ಕಾಣುತ್ತದೆ. ನಮ್ಮೆಲ್ಲರ ತಲೆಯೊಳಗೆ ದಿನವಿಡೀ ನಡೆಯುವ ಕೆಲಸವೇ ಇಲ್ಲಿ ಬಹಿರಂಗವಾಗಿ, ಗುಂಪಾಗಿ ನಡೆಯುತ್ತಿದೆ ಎಂಬುದು ಈ ಅಧ್ಯಾಯದ ವಾದ.

ತ್ರಿಕೋನಕ್ಕೂ ಸಿಟ್ಟು ಬರುತ್ತದೆ

1944ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರಿಗೆ ಒಂದು ಪುಟ್ಟ ಚಲನಚಿತ್ರ ತೋರಿಸಿದರು. ಅದರಲ್ಲಿ ಮನುಷ್ಯರಿಲ್ಲ, ಮಾತಿಲ್ಲ. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಬಿಲ್ಲೆ. ತೆರೆದು ಮುಚ್ಚುವ ಬಾಗಿಲಿನಂಥ ಗೆರೆಯಿದ್ದ ಒಂದು ಚೌಕಟ್ಟು. ಆಕೃತಿಗಳು ಅತ್ತಿತ್ತ ಸರಿದಾಡುತ್ತವೆ, ಅಷ್ಟೇ. ನೋಡಿದ್ದನ್ನು ಬರೆಯಿರಿ ಎಂದಾಗ 34 ಜನರಲ್ಲಿ ಒಬ್ಬಾಕೆ ಮಾತ್ರ ಜ್ಯಾಮಿತಿಯ ಭಾಷೆಯಲ್ಲಿ ವರದಿ ಒಪ್ಪಿಸಿದಳು. ಮಿಕ್ಕವರಿಗೆಲ್ಲ ಕಂಡದ್ದು ಜೀವಿಗಳು, ಬಹುಪಾಲು ಮನುಷ್ಯರೇ. ದೊಡ್ಡ ತ್ರಿಕೋನ ಪುಂಡನಾಯಿತು, ಚಿಕ್ಕದು ಎದೆಗಾರನಾಯಿತು, ಬಿಲ್ಲೆ ಹೆದರಿ ಮನೆಯೊಳಗೆ ಅಡಗಿತು.

ಮೂರು ಆಕೃತಿಗಳಿಗೆ ಇಷ್ಟು ಸಲೀಸಾಗಿ ಸ್ವಭಾವ ಹಚ್ಚುವ ಮನಸ್ಸು, ಹೆಸರೂ ಮುಖವೂ ದನಿಯೂ ಇರುವ ಪಾತ್ರವೊಂದು ಸಿಕ್ಕರೆ ಬಿಡುತ್ತದೆಯೆ? ಎದುರಿನವರ ತಲೆಯೊಳಗೆ ಏನಿದೆ ಎಂದು ಊಹಿಸುವ ಈ ಶಕ್ತಿಗೆ ವಿಜ್ಞಾನಿಗಳು 'ಮನಸ್ಸಿನ ಸಿದ್ಧಾಂತ' ಎನ್ನುತ್ತಾರೆ. ಚಿಂಪಾಂಜಿಗೂ ಇದಿದೆಯೆ ಎಂದು ಪ್ರೆಮ್ಯಾಕ್ ಮತ್ತು ವುಡ್ರಫ್ 1978ರಲ್ಲಿ ಕೇಳಿದ ಪ್ರಶ್ನೆಯಿಂದ ಆ ಹೆಸರು ಚಾಲ್ತಿಗೆ ಬಂತು. ಮನುಷ್ಯರಲ್ಲಂತೂ ಇದು ಬಿಡುವಿಲ್ಲದೆ ದುಡಿಯುತ್ತದೆ. ಪಕ್ಕದ ಮನೆಯವರು, ಮೇಲಧಿಕಾರಿ, ಕೊನೆಗೆ ಹೆತ್ತ ತಾಯಿಯೂ ನಮಗೆ ದಕ್ಕುವುದು ತುಣುಕು ತುಣುಕಾಗಿಯೇ: ನಾಲ್ಕು ಮಾತು, ಒಂದು ನೋಟ, ಒಂದಿಷ್ಟು ನೆನಪು. ಅವನ್ನು ಪೋಣಿಸಿ ತಲೆಯೊಳಗೆ ಅವರ ಒಂದು ಪ್ರತಿರೂಪ ಮಾಡಿಟ್ಟುಕೊಂಡಿರುತ್ತೇವೆ. ತೀರಿಹೋದ ಅಜ್ಜಿ ಈ ಮದುವೆಗೆ ಬಂದಿದ್ದರೆ ಏನೆನ್ನುತ್ತಿದ್ದರು ಎಂದು ಮನೆಮಂದಿಯೆಲ್ಲ ಥಟ್ಟನೆ ಹೇಳಬಲ್ಲರು. ಅಜ್ಜಿಯ ಪ್ರತಿರೂಪ ಇನ್ನೂ ಉತ್ತರ ಕೊಡುತ್ತಿದೆ.

ಕಥೆ ಬರೆಯುವವರಲ್ಲಿ ಈ ಪ್ರತಿರೂಪ ಎಷ್ಟು ಚುರುಕು ಎಂಬುದನ್ನು ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಅವರು ಮಾತಾಡಿಸಿದ 50 ಬರಹಗಾರರಲ್ಲಿ ನೂರಕ್ಕೆ 92 ಮಂದಿ, ತಮ್ಮ ಪಾತ್ರಗಳು ಒಂದಲ್ಲ ಒಂದು ಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಮಾತಾಡುವ, ನಡೆದುಕೊಳ್ಳುವ ಅನುಭವ ತಮಗಾಗಿದೆ ಎಂದರು. ಸೃಷ್ಟಿಸಿದವರ ಮಾತನ್ನೇ ಪಾತ್ರ ಕೇಳದಿದ್ದಮೇಲೆ, ಓದುಗರ ತಲೆಗೆ ವಲಸೆ ಬಂದಾಗ ಸುಮ್ಮನೆ ಕೂರುತ್ತದೆಂದು ನಿರೀಕ್ಷಿಸುವುದು ಹೇಗೆ?

ಬ್ಯಾಟ್‌ಮ್ಯಾನ್ ಕಣ್ಣಲ್ಲಿ ಸ್ಪಾಂಜ್‌ಬಾಬ್

'ಈ ಹುಡುಗರಿಗೆ ಕಥೆ ಯಾವುದು, ನಿಜ ಯಾವುದು ಗೊತ್ತಾಗುವುದಿಲ್ಲ' ಎಂಬುದು ಅಭಿಮಾನಿಗಳ ಮೇಲಿನ ಹಳೆಯ ದೂರು. ಡೀನಾ ಸ್ಕಾಲ್ನಿಕ್ ಮತ್ತು ಪಾಲ್ ಬ್ಲೂಮ್ 2006ರಲ್ಲಿ ಪುಟ್ಟ ಮಕ್ಕಳಿಗೆ ಒಂದು ವಿಚಿತ್ರ ಪ್ರಶ್ನೆ ಕೇಳಿದರು. ಬ್ಯಾಟ್‌ಮ್ಯಾನ್ ನಿಜವೋ ಕಲ್ಪನೆಯೋ ಎಂದಾಗ, ಕಲ್ಪನೆ ಎಂದವು ಮಕ್ಕಳು. ಸರಿ, ಬ್ಯಾಟ್‌ಮ್ಯಾನ್ ದೃಷ್ಟಿಯಲ್ಲಿ ಅವನ ಜೊತೆಗಾರ ರಾಬಿನ್? ನಿಜ ಎಂದವು. ಅದೇ ಬ್ಯಾಟ್‌ಮ್ಯಾನ್‌ಗೆ ಬೇರೊಂದು ಕಾರ್ಟೂನಿನ ಸ್ಪಾಂಜ್‌ಬಾಬ್? ಕಲ್ಪನೆ!

ಎಳೆಯ ಮಕ್ಕಳೇ ಕಲ್ಪನೆಯನ್ನೆಲ್ಲ ಒಂದೇ ಮೂಟೆಗೆ ತುರುಕುವುದಿಲ್ಲ. ಒಂದೊಂದು ಕಥಾಲೋಕಕ್ಕೂ ಒಂದೊಂದು ಡಬ್ಬಿ, ಡಬ್ಬಿಗೊಂದು ಚೀಟಿ. ಬಾಳೆಹಣ್ಣನ್ನು ಕಿವಿಗಿಟ್ಟು ಹಲೋ ಎನ್ನುವ ಮಗು ಅದನ್ನು ಫೋನೆಂದು ನಂಬಿರುವುದಿಲ್ಲ. 'ಇದು ಆಟ' ಎಂಬ ಗುರುತು ಹಚ್ಚಿ ಆ ಚಿತ್ರವನ್ನು ನಿಜದಿಂದ ಬಿಡಿಸಿಟ್ಟಿರುತ್ತದೆ ಎಂದು ಅಲನ್ ಲೆಸ್ಲಿ 1987ರಲ್ಲಿ ವಾದಿಸಿದರು. ಅಭಿಮಾನಿ ಬರಹಗಾರರು ಈ ಡಬ್ಬಿಗಳನ್ನು ಬೇಕೆಂದೇ ಬೆರೆಸುತ್ತಾರೆ. ಪತ್ತೇದಾರ ಷರ್ಲಾಕ್ ಹೋಮ್ಸ್ ಮತ್ತು ಅವನ ಗೆಳೆಯ ವಾಟ್ಸನ್ ಕಾಫಿ ಅಂಗಡಿ ನಡೆಸುತ್ತಾರೆ. ಅದು 'ಎಯು', ಅಂದರೆ ಪರ್ಯಾಯ ಲೋಕದ ಕಥೆ. ಎರಡು ಧಾರಾವಾಹಿಗಳ ಪಾತ್ರಗಳು ಒಂದೇ ರೈಲು ಹತ್ತುತ್ತವೆ, ಅದು 'ಕ್ರಾಸ್‌ಓವರ್'. ಪ್ರತಿ ಕಥೆಯ ನೆತ್ತಿಯಲ್ಲೂ ಅದು ಯಾವ ಬಗೆಯದು, ಮೂಲದಿಂದ ಎಲ್ಲಿ ಸರಿದಿದೆ ಎಂಬ ಚೀಟಿ ಇರುತ್ತದೆ. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಪದ್ಯ ಭಾಗವತರದು, ಅರ್ಥ ನಮ್ಮದು

ಕರಾವಳಿ, ಮಲೆನಾಡಿನ ಓದುಗರಿಗೆ ಮುಂದಿನ ಮಾತು ಹೊಸತಲ್ಲ. ಯಕ್ಷಗಾನದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಅಲ್ಲೇ, ಆ ಗಳಿಗೆಯಲ್ಲೇ ಮಾತು ಕಟ್ಟುತ್ತಾರೆ. ಮರೆಯಲ್ಲಿ ನಿಂತು ಹೊಡೆದ ರಾಮನನ್ನು ವಾಲಿ ಪ್ರಶ್ನಿಸುತ್ತಾನೆ. ವಾಲಿ ಸಾಯುತ್ತಾನೆಂಬುದು ಸಭೆಗೆಲ್ಲ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯನ್ನು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ವಾಲಿ ಇಂದು ಯಾವ ದಾರಿಯಲ್ಲಿ ವಾದಿಸುತ್ತಾನೆ ಎಂಬ ಕುತೂಹಲವೇ ಅವರನ್ನು ಎಳೆತರುತ್ತಿತ್ತು.

ಪದ್ಯ ಕಟ್ಟಿಹಾಕುತ್ತದೆ, ಪದ್ಯಗಳ ನಡುವಿನ ಜಾಗ ಬಿಟ್ಟುಕೊಡುತ್ತದೆ. ಅಭಿಮಾನಿ ಕಥನವೂ ಈ ಎರಡರ ನಡುವೆಯೇ ಬದುಕುವುದು. ಮೂಲಕೃತಿಗೆ ಅಭಿಮಾನಿಗಳು ಹೇಳುವ ಹೆಸರು 'ಕ್ಯಾನನ್'. ಧರ್ಮಗ್ರಂಥಗಳಿಗೆ ಸಲ್ಲುವ ಆ ಮಾತು ಷರ್ಲಾಕ್ ಹೋಮ್ಸ್ ಅಭಿಮಾನಿಗಳ ತಮಾಷೆಯಿಂದ ಇತ್ತ ಬಂತು. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸ, ಬೈಬಲ್ ಪಂಡಿತರ ಗಂಭೀರ ಶೈಲಿಯಲ್ಲೇ ಹೋಮ್ಸ್ ಕಥೆಗಳ ವಿರೋಧಾಭಾಸಗಳನ್ನು ಜಾಲಾಡಿದ. ಕಥೆಯಲ್ಲಿ ಹೇಳದೆ ಬಿಟ್ಟದ್ದನ್ನು ನಾವು ನಮ್ಮ ಲೋಕದಿಂದ ತಂದು ತುಂಬುತ್ತೇವೆ, ಬೇರೆ ಹೇಳುವವರೆಗೂ ಅಲ್ಲಿಯೂ ನೀರು ಇಳಿಜಾರಿಗೇ ಹರಿಯುತ್ತದೆಂದು ನಂಬುತ್ತೇವೆ ಎಂಬುದನ್ನು ಮೇರಿ-ಲಾರ್ ರಯಾನ್ 1980ರಲ್ಲಿ ಒಂದು ತತ್ವವಾಗಿಯೇ ಮಂಡಿಸಿದರು. ವಾಟ್ಸನ್‌ನ ಬಾಲ್ಯ ಹೇಗಿತ್ತು? ಹೋಮ್ಸ್‌ಗೆ ಜ್ವರ ಬಂದರೆ ಗಂಜಿ ಕಾಯಿಸುವವರು ಯಾರು? ಕಥೆಯಲ್ಲಿ ಉತ್ತರವಿಲ್ಲದಿದ್ದರೂ ಮನಸ್ಸಿನ ಪ್ರತಿರೂಪದಲ್ಲಿ ಖಾಲಿ ಜಾಗ ಉಳಿಯುವುದಿಲ್ಲ.

ಅಭಿಮನ್ಯು ಹೊರಬಂದಿದ್ದರೆ

1893ರ ಡಿಸೆಂಬರಿನಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಹೋಮ್ಸ್‌ನನ್ನು ಸ್ವಿಟ್ಜರ್‌ಲೆಂಡಿನ ರೈಖೆನ್‌ಬಾಕ್ ಜಲಪಾತದಲ್ಲಿ ಮುಗಿಸಿಬಿಟ್ಟ. ಓದುಗರು ರೇಗಿದರು, ಪತ್ರ ಬರೆದರು. ಒಪ್ಪದ ಸಾವನ್ನು ಮನಸ್ಸು ಮೊದಲು ಮಾಡುವುದು ರದ್ದು. ಈ ರದ್ದತಿಗೂ ಒಂದು ಕ್ರಮವಿದೆ ಎಂದು ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ 1982ರಲ್ಲಿ ತೋರಿಸಿದರು. ಅವರ ಕಥೆಯಲ್ಲಿ ಜೋನ್ಸ್ ಎಂಬಾತ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅಪಘಾತದಲ್ಲಿ ಸಾಯುತ್ತಾನೆ. ಕೆಲವರಿಗೆ ಅಂದು ಅವನು ಎಂದೂ ಹೋಗದ ದಾರಿ ಹಿಡಿದಿದ್ದನೆಂದು ಹೇಳಲಾಯಿತು. ಇನ್ನು ಕೆಲವರಿಗೆ, ಎಂದಿನ ದಾರಿಯಲ್ಲೇ ಆದರೆ ಹೊತ್ತಿಗೆ ಮುಂಚೆ ಹೊರಟಿದ್ದನೆಂದು. ಮೊದಲನೆಯವರು ಹೆಚ್ಚಾಗಿ 'ಎಂದಿನ ದಾರಿಯಲ್ಲೇ ಹೋಗಿದ್ದರೆ' ಎಂದರು. ಎರಡನೆಯವರು 'ಎಂದಿನ ಹೊತ್ತಿಗೇ ಹೊರಟಿದ್ದರೆ' ಎಂದರು. ನಡೆದದ್ದರಲ್ಲಿ ಯಾವುದು ಮಾಮೂಲಿಯಲ್ಲವೋ ಆ ಎಳೆಯನ್ನೇ ಮನಸ್ಸು ಹಿಡಿದು ಬಿಚ್ಚುತ್ತದೆ.

ಚಕ್ರವ್ಯೂಹದ ಕಥೆ ಕೇಳಿದ ಮಕ್ಕಳೆಲ್ಲ ಇದನ್ನೇ ಮಾಡಿದ್ದೇವೆ. ಆ ರಾತ್ರಿ ಸುಭದ್ರೆಗೆ ನಿದ್ದೆ ಹತ್ತದೇ ಇದ್ದಿದ್ದರೆ! ಅಭಿಮಾನಿ ಲೋಕದಲ್ಲಿ ಇದಕ್ಕೆ 'ಫಿಕ್ಸ್-ಇಟ್' ಎಂಬ ಪ್ರಕಾರವೇ ಇದೆ, ಮುರಿದದ್ದನ್ನು ಸರಿಪಡಿಸುವ ಕಥೆ. ಸತ್ತವರು ಬದುಕುತ್ತಾರೆ, ತಡವಾದ ಪತ್ರ ಹೊತ್ತಿಗೆ ತಲುಪುತ್ತದೆ. ಡಾಯ್ಲ್ ಕೂಡ ಕೊನೆಗೆ 1903ರಲ್ಲಿ ಹೋಮ್ಸ್‌ನನ್ನು ಬದುಕಿಸಿದ. ತನ್ನ ಪಾತ್ರದ ಫಿಕ್ಸ್-ಇಟ್ ಅನ್ನು ತಾನೇ ಬರೆದ!

ಬರೆದು ಹಂಚಿಕೊಳ್ಳುವುದೇಕೆ?

ಇಷ್ಟೆಲ್ಲ ತಲೆಯೊಳಗೇ ಮುಗಿಯಬಹುದಿತ್ತು. ಹಂಚಿಕೊಳ್ಳುವುದಕ್ಕೆ ಕಾರಣ, ತಮ್ಮ ತಲೆಯ ಪ್ರತಿರೂಪ ಇನ್ನೊಬ್ಬರ ತಲೆಯಲ್ಲೂ ಇದೆಯೆಂದು ತಿಳಿದಾಗಿನ ಸುಖ. ಇಂಟರ್ನೆಟ್ಟಿಗೂ ಮುಂಚೆ ಈ ಸುಖ ಅಂಚೆಯಲ್ಲಿ ಬರುತ್ತಿತ್ತು. 'ಸ್ಟಾರ್ ಟ್ರೆಕ್' ಧಾರಾವಾಹಿ 1966ರಲ್ಲಿ ಶುರುವಾಯಿತು. ಮರುವರ್ಷವೇ 'ಸ್ಪಾಕನೇಲಿಯಾ' ಎಂಬ ಅಭಿಮಾನಿ ಪತ್ರಿಕೆ ಹೊರಬಂತು. 1974ರಲ್ಲಿ ಇಂಥದೇ ಒಂದು ಪತ್ರಿಕೆಯಲ್ಲಿ ಆ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಎಂಬ ಇಬ್ಬರು ಗಂಡಸರ ನಡುವಿನ ಪ್ರಣಯದ ತುಣುಕು ಅಚ್ಚಾಯಿತು. ಎರಡು ಹೆಸರುಗಳ ನಡುವೆ ಹಾಕುತ್ತಿದ್ದ ಓರೆಗೆರೆಯಿಂದಲೇ ಇಂಥ ಕಥೆಗಳಿಗೆ 'ಸ್ಲ್ಯಾಶ್' ಎಂಬ ಹೆಸರು ಬಿತ್ತು. 1990ರ ದಶಕದಲ್ಲಿ 'ಎಕ್ಸ್ ಫೈಲ್ಸ್' ಧಾರಾವಾಹಿಯ ಅಭಿಮಾನಿಗಳು ಅದರ ಪಾತ್ರಗಳಾದ ಮಲ್ಡರ್-ಸ್ಕಲ್ಲಿ ಜೋಡಿಯಾಗಲೆಂದು ಹಂಬಲಿಸಿ, ರಿಲೇಶನ್‌ಶಿಪ್ ಎಂಬ ಪದದ ಬಾಲ ಹಿಡಿದು 'ಶಿಪ್ಪಿಂಗ್' ಎಂಬ ಮಾತನ್ನು ಟಂಕಿಸಿದರು.

ಆ ಪತ್ರಿಕೆಗಳಲ್ಲಿ ಬರೆದವರು ಬಹುಪಾಲು ಹೆಂಗಸರು. ಅಂದಿನ ತೆರೆಯ ಕಥೆಗಳಲ್ಲಿ ಹೆಣ್ಣುಪಾತ್ರಗಳಿಗೆ ಸಿಗುತ್ತಿದ್ದ ಜಾಗ ಅಷ್ಟಕ್ಕಷ್ಟೇ. ಮಾತಿಗೆ ಮಾತು ಕೊಡುವ ಗಾಢ ಸಂಬಂಧಗಳೆಲ್ಲ ಗಂಡಸರ ನಡುವೆ ಇದ್ದವು. ಭಾವನೆಯ ಕಥೆ ಬೇಕಾದವರು ಅದು ಇದ್ದ ಕಡೆಯಿಂದಲೇ ಎತ್ತಿಕೊಂಡರು. 1992ರಲ್ಲಿ ಹೆನ್ರಿ ಜೆಂಕಿನ್ಸ್ ಇವರನ್ನು ಯಜಮಾನನ ಕಾಡಿಗೆ ನುಗ್ಗಿ ಬೇಟೆಯಾಡುವವರಿಗೆ ಹೋಲಿಸಿದರು. ನನಗೆ ಇವರು ಸುಗ್ಗಿಯಾದ ಮೇಲೆ ಹೊಲದಲ್ಲಿ ಉಳಿದ ತೆನೆ ಆಯುವವರಂತೆ ಕಾಣುತ್ತಾರೆ. ಒಡೆಯನ ಕಣಜಕ್ಕೆ ಕೈಹಾಕುವುದಿಲ್ಲ, ಅವನು ಬಿಟ್ಟದ್ದರಲ್ಲೇ ಅಡುಗೆ ಮಾಡುತ್ತಾರೆ.

ಆಯ್ದ ತೆನೆ ಒಮ್ಮೊಮ್ಮೆ ಹೊಲಕ್ಕೇ ಬಿತ್ತನೆಯಾಗಿ ಮರಳುವುದುಂಟು. ಹ್ಯಾರಿ ಪಾಟರ್ ಕಥೆಯ ಹರ್ಮಾಯ್ನಿಯನ್ನು ಕಪ್ಪು ಹುಡುಗಿಯಾಗಿ ಅಭಿಮಾನಿಗಳು ಬಹಳ ಮುಂಚೆಯೇ ಚಿತ್ರಿಸಿದ್ದರು; 2016ರಲ್ಲಿ ಲಂಡನ್ ರಂಗದ ಮೇಲೆ ಆ ಪಾತ್ರಕ್ಕೆ ನೋಮಾ ದುಮೆಜ್ವೇನಿ ಎಂಬ ಕಪ್ಪು ನಟಿ ಬಂದರು. 'ಆರ್ಕೈವ್ ಆಫ್ ಅವರ್ ಓನ್' ಎಂಬ ಅಭಿಮಾನಿ ಬರಹಗಳ ಭಂಡಾರ 2009ರಲ್ಲಿ ತೆರೆದುಕೊಂಡಿತು. ಜಾಹೀರಾತಿಲ್ಲ, ಸಂಬಳವಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಲೋಕದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿ ಬಂತು. ಇಂದು ಅಲ್ಲಿ ಒಂದು ಕೋಟಿಗೂ ಹೆಚ್ಚು ಬರಹಗಳಿವೆ.

ಉಸಿರಾಡುವ ಪಾತ್ರಗಳು

ಕಲ್ಪಿತ ಪಾತ್ರಕ್ಕೆ ಏನು ಮಾಡಿದರೂ ಅದಕ್ಕೆ ನೋವಿಲ್ಲ. ಉಸಿರಾಡುವ ಮನುಷ್ಯರನ್ನು ಪಾತ್ರ ಮಾಡಿಕೊಂಡರೆ?

ಕನ್ನಡದ ಆದಿಕವಿಯೇ ಈ ಆಟ ಆಡಿದ್ದಾನೆ. ಸುಮಾರು 941ರಲ್ಲಿ ಪಂಪ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ವೇಮುಲವಾಡದ ಅರಸ ಅರಿಕೇಸರಿಯೇ ಅರ್ಜುನ. ಆಶ್ರಯದಾತನನ್ನು ನಾಯಕನಿಗೆ ಬೆಸೆದಮೇಲೆ ಮೂಲಕಥೆಯೂ ಬಾಗಬೇಕಾಯಿತು. ಅಲ್ಲಿ ದ್ರೌಪದಿ ಐವರ ಮಡದಿಯಲ್ಲ, ಅರ್ಜುನನೊಬ್ಬನ ಮಡದಿ. ಯುದ್ಧ ಮುಗಿದಮೇಲೆ ಪಟ್ಟವೇರುವವನೂ ಅರ್ಜುನನೇ. ಆದರೆ ಅರಿಕೇಸರಿ ಎದುರಿಗೇ ಇದ್ದ ಅರಸ, ಇದು ಅವನಿಗೆ ಮೆಚ್ಚುಗೆಯಾಗುವ ಕಲ್ಪನೆ. ಇಂದಿನ ಅಭಿಮಾನಿ ತನ್ನ ನಟನ ಎದುರಿಗಿಲ್ಲ. ಆದರೂ ಹತ್ತಿರವಿದ್ದಂತೆ ಭಾಸವಾಗುತ್ತದೆ. ಟಿವಿ, ರೇಡಿಯೊಗಳಲ್ಲಿ ನಮ್ಮ ಕಣ್ಣಿಗೆ ಕಣ್ಣಿಟ್ಟು ಮಾತಾಡುವವರೊಡನೆ ಬೆಳೆಯುವ ಈ ಒಮ್ಮುಖ ಸಲುಗೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಗುರುತಿಸಿ 'ಪ್ಯಾರಾಸೋಷಿಯಲ್' ಎಂದು ಹೆಸರಿಟ್ಟಿದ್ದರು.

ಮಿದುಳಿನ ಮಟ್ಟದಲ್ಲೂ ಇದರ ಸುಳಿವಿದೆ. 2021ರ ಒಂದು ಅಧ್ಯಯನದಲ್ಲಿ 'ಗೇಮ್ ಆಫ್ ಥ್ರೋನ್ಸ್' ಸರಣಿಯ 19 ಅಭಿಮಾನಿಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ತಮ್ಮ ಬಗ್ಗೆ, ಗೆಳೆಯರ ಬಗ್ಗೆ, ಸರಣಿಯ ಪಾತ್ರಗಳ ಬಗ್ಗೆ ಯೋಚಿಸುವಂತೆ ಹೇಳಲಾಯಿತು. ಹಣೆಯ ಹಿಂಬದಿಯಲ್ಲಿ, 'ನಾನು' ಎಂದಾಗ ಚುರುಕಾಗುವ ಒಂದು ಭಾಗವಿದೆ. ಕಥೆಯೊಳಗೆ ಇಳಿದು ಪಾತ್ರವೇ ಆಗಿಬಿಡುವ ಸ್ವಭಾವದವರಲ್ಲಿ, ಪಾತ್ರದ ಬಗ್ಗೆ ಯೋಚಿಸುವಾಗಲೂ ಅದು ಹೆಚ್ಚು ಚುರುಕಾಯಿತು. ಅದೇ ದತ್ತಾಂಶವನ್ನು ಟಿಮೊಥಿ ಬ್ರೂಮ್ ಮತ್ತು ಡಿಲನ್ ವ್ಯಾಗ್ನರ್ ಮತ್ತೆ ಜಾಲಾಡಿ 2023ರಲ್ಲಿ ಇನ್ನೊಂದು ಸಂಗತಿ ಹೇಳಿದರು: ಹೆಚ್ಚು ಒಂಟಿತನ ಅನುಭವಿಸುವವರ ಮಿದುಳಿನಲ್ಲಿ ನಿಜದ ಗೆಳೆಯರಿಗೂ ಕಲ್ಪಿತ ಪಾತ್ರಗಳಿಗೂ ನಡುವಿನ ಗೆರೆ ತೆಳುವಾಗಿತ್ತು. ಹತ್ತೊಂಬತ್ತು ಜನರಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು. ಆದರೆ ಗೆಳೆಯರಿಗೊಂದು, ಪಾತ್ರಗಳಿಗೊಂದು ಎಂದು ಮಿದುಳು ಬೇರೆ ಬೇರೆ ಯಂತ್ರ ಇಟ್ಟುಕೊಂಡಿಲ್ಲ ಎಂಬುದಕ್ಕೆ ಇದು ಒಂದು ಕುರುಹು.

ಹೀಗಾಗಿ ನಾವು ಪ್ರೀತಿಸುವ ತಾರೆಯೂ ತುಣುಕುಗಳಿಂದ ಕಟ್ಟಿದ ಪ್ರತಿರೂಪವೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಅಭಿಮಾನಿಗಳು 'ಅಪ್ಪು' ಎಂದು ಕರೆಯುವ ಆ ನಟ ತನ್ನ ತಂದೆತಾಯಿಯನ್ನು ಮತ್ತೆ ಸೇರಿದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದು ನಿಮಗೆ ನೆನಪಿರಬಹುದು. ಬರೆದವರಿಗೂ ಹಂಚಿದವರಿಗೂ ಅದು ಕಲ್ಪನೆಯೆಂದು ಗೊತ್ತಿತ್ತು. ಸತ್ತವರೊಡನೆ ನಂಟು ಕಡಿದುಕೊಳ್ಳುವುದೇ ದುಃಖಕ್ಕೆ ಮದ್ದು ಎಂಬ ಹಳೆಯ ನಂಬಿಕೆಯನ್ನು ಮನೋವಿಜ್ಞಾನಿಗಳು 1990ರ ದಶಕದಿಂದೀಚೆಗೆ ಪ್ರಶ್ನಿಸುತ್ತ ಬಂದಿದ್ದಾರೆ. ನಂಟನ್ನು ಬೇರೆ ರೂಪದಲ್ಲಿ ಉಳಿಸಿಕೊಳ್ಳುವುದೂ ಸಹಜವೇ ಎನ್ನುತ್ತಾರೆ. ಆ ಚಿತ್ರಗಳು ಮಾಡಿದ್ದು ಅದನ್ನೇ.

ಇದೇ ಪ್ರೀತಿ ಸಿಡಿದದ್ದೂ ಉಂಟು. 2019ರ ಚೀನೀ ಧಾರಾವಾಹಿ 'ದಿ ಅನ್‌ಟೇಮ್ಡ್'ನ ಮೂಲ ಕಾದಂಬರಿಯಲ್ಲಿ ಇಬ್ಬರು ಗಂಡಸರ ಪ್ರೇಮವಿತ್ತು. ತೆರೆಗೆ ಬರುವಾಗ ಅದು ಗೆಳೆತನವಾಯಿತು. ಬಿಟ್ಟ ಜಾಗವನ್ನು ಅಭಿಮಾನಿಗಳು ತುಂಬಿದರು, ಪಾತ್ರಗಳನ್ನು ದಾಟಿ ನಟರವರೆಗೂ ಹೋದರು. ನಾಯಕ ನಟ ಷಿಯಾವೋ ಝಾನ್ ಕುರಿತ ಒಂದು ಕಥೆ ಅವರ ಘನತೆಗೆ ಕುಂದೆಂದು ಅವರ ಇನ್ನೊಂದು ಗುಂಪಿನ ಅಭಿಮಾನಿಗಳು ದೂರು ಕೊಟ್ಟರು. 2020ರ ಫೆಬ್ರವರಿ ಕೊನೆಯಲ್ಲಿ ಆ ಕಥೆಯಿದ್ದ 'ಆರ್ಕೈವ್ ಆಫ್ ಅವರ್ ಓನ್' ಭಂಡಾರವೇ ಚೀನಾದಲ್ಲಿ ಇಡಿಯಾಗಿ ಬಂದ್ ಆಯಿತು. ಸಿಟ್ಟಾದ ಓದುಗರು ಆ ನಟ ರಾಯಭಾರಿಯಾಗಿದ್ದ ಸರಕುಗಳನ್ನು ಬಹಿಷ್ಕರಿಸಿದರು. ಹೊಡೆದಾಡಿದ್ದು ಒಬ್ಬನೇ ಮನುಷ್ಯನ ಎರಡು ಪ್ರತಿರೂಪಗಳು. ಪೆಟ್ಟು ಬಿದ್ದದ್ದು ಆ ಮನುಷ್ಯನಿಗೆ.

2023ರ ನವೆಂಬರಿನಲ್ಲಿ ಕೊಡಗಿನ ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣಿನ ಮೈಗೆ ಅಂಟಿಸಿದ ಡೀಪ್‌ಫೇಕ್ ವಿಡಿಯೊ ಹಬ್ಬಿತು. ಮುಂದಿನ ಜನವರಿಯಲ್ಲಿ ದೆಹಲಿ ಪೊಲೀಸರು ಒಬ್ಬನನ್ನು ಬಂಧಿಸಿದರು. ಅವನು ನಡೆಸುತ್ತಿದ್ದುದು ನಟಿಯ ಅಭಿಮಾನಿ ಪುಟ. ಅದರ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದನೆಂದು ಪೊಲೀಸರು ಹೇಳಿದರು. ಅಪ್ಪುವಿನ ಚಿತ್ರಕ್ಕೂ ಇದಕ್ಕೂ ಇರುವ ಅಂತರ ತಂತ್ರಜ್ಞಾನದ್ದಲ್ಲ, ಚೀಟಿಯದು. ಆ ಚಿತ್ರ ತಾನು ಕಲ್ಪನೆ ಎಂದು ಹಣೆಯ ಮೇಲೇ ಬರೆದುಕೊಂಡಿತ್ತು. ಈ ವಿಡಿಯೊ ಚೀಟಿಯನ್ನು ಕಿತ್ತೆಸೆದು ನಿಜದ ಡಬ್ಬಿಯೊಳಗೆ ನುಸುಳಿತು.

ಚೀಟಿಯೊಂದಿದ್ದರೆ ಸಾಕೇ? ಸಾಲದು. ಒನ್ ಡೈರೆಕ್ಷನ್ ತಂಡದ ಲೂಯಿ ಟಾಮ್ಲಿನ್ಸನ್, ತನ್ನನ್ನೂ ಸಹಗಾಯಕ ಹ್ಯಾರಿ ಸ್ಟೈಲ್ಸ್‌ನನ್ನೂ ಜೋಡಿ ಮಾಡುವ ಅಭಿಮಾನಿಗಳ ಕಲ್ಪನೆಯಿಂದ ತಮ್ಮ ಗೆಳೆತನಕ್ಕೇ ಮುಜುಗರವಾಯಿತೆಂದು ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಕಥೆ ಕಥೆಯಾಗಿ ಉಳಿಯದೆ, 'ನಿಜ ಒಪ್ಪಿಕೊಳ್ಳಿ' ಎಂದು ಮನುಷ್ಯನ ಬಾಗಿಲು ಬಡಿದಾಗ ಅದು ಕಿರುಕುಳ. ಕಲ್ಪನೆಗೆ ನಮ್ಮ ತಲೆ ಎಷ್ಟು ಸಹಜವಾಗಿ ಒಗ್ಗಿದೆಯೋ, ಅದನ್ನು ಯಾರ ಮನೆ ಬಾಗಿಲಿಗೆ ಒಯ್ಯುತ್ತೇವೆ ಎಂಬ ಎಚ್ಚರ ಅಷ್ಟೇ ಶ್ರಮದಿಂದ ಕಲಿಯಬೇಕಾದದ್ದು.

ಡ್ಯೂಕ್ ಆಫ್ ವೆಲಿಂಗ್ಟನ್ 1852ರವರೆಗೆ ಬದುಕಿದ್ದ. ಹಾವರ್ತಿನ ಮಕ್ಕಳು ಹೊಲಿದ ಆ ಪುಟಾಣಿ ಪುಸ್ತಕಗಳು ಆಗಿನ್ನೂ ಮನೆಯ ಹೊಸಿಲು ದಾಟಿರಲಿಲ್ಲ. 2019ರ ನವೆಂಬರಿನಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಅಂಥದೊಂದು ಪುಟಾಣಿ ಪುಸ್ತಕಕ್ಕೆ 6 ಲಕ್ಷ ಯೂರೊ ಕೂಗಾಯಿತು. ಷಾರ್ಲೆಟ್ ಹದಿನಾಲ್ಕನೇ ವಯಸ್ಸಿನಲ್ಲಿ ಬರೆದ ಆ ಪುಸ್ತಕವನ್ನು ಕೊಂಡದ್ದು ಹಾವರ್ತಿನ ವಸ್ತುಸಂಗ್ರಹಾಲಯ. ಮರದ ಸಿಪಾಯಿಗಳು ಬಂದಿಳಿದ ಅದೇ ಮನೆ.